ಸೂಜಿಯ ಗಾರ್ಡ್ ನೋಡುವ ಇಲಾಖೆ ಲೈನಿನ ಬೈಗುಳವನ್ನೂ ನೋಡಲಿ: ಕಾರ್ಮಿಕ ಸಚಿವರಿಗೆ ಒಂದು ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಮಾನ್ಯ ಕಾರ್ಮಿಕ ಸಚಿವರಿಗೆ, ಹಾಗೂ ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆಯ ನಿರ್ದೇಶಕರಿಗೆ,

ನಮಸ್ಕಾರಗಳು.

ನಾನು ಮೈಸೂರಿನಲ್ಲಿ ಮನೋವಿಜ್ಞಾನ ಓದಿ, ಆಮೇಲೆ ಬೆಂಗಳೂರು ಮತ್ತು ಸುತ್ತಮುತ್ತಲಿನ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ಕಾರ್ಮಿಕರ ಕ್ಷೇಮ ನೋಡುವ ವೆಲ್ಫೇರ್ ಆಫೀಸರ್ ಆಗಿ ಕೆಲಸ ಮಾಡಿದವಳು. ಈ ಪತ್ರ ಒಂದು ಕಂಪನಿಯ ಮೇಲಿನ ದೂರಲ್ಲ. ನಾನು ಹೇಳುವುದು ಒಂದೇ ಕಡೆ ನಡೆದದ್ದೂ ಅಲ್ಲ. ಅದಕ್ಕೇ ಯಾರ ಹೆಸರನ್ನೂ ಬರೆದಿಲ್ಲ.

ನಿಮ್ಮ ಇಲಾಖೆಯ ಇನ್‌ಸ್ಪೆಕ್ಟರುಗಳು ಬಂದಾಗ ಅವರ ಜೊತೆ ಫ್ಲೋರ್ ಸುತ್ತಿದ್ದೇನೆ. ಹೊಲಿಗೆ ಮೆಷಿನ್‌ಗೆ ನೀಡಲ್ ಗಾರ್ಡ್ ಇದೆಯಾ, ಬೆಲ್ಟ್ ಮೇಲೆ ಕವರ್ ಇದೆಯಾ, ಎಮರ್ಜೆನ್ಸಿ ಬಾಗಿಲಿಗೆ ಅಡ್ಡ ಕಾರ್ಟನ್ ಇಟ್ಟಿದ್ದಾರಾ, ಹೆಂಗಸರಿಗೆ ಎಷ್ಟು ಶೌಚಾಲಯ ಇವೆ, ಶಿಶುಪಾಲನಾ ಕೋಣೆ ಇದೆಯಾ, ಎಲ್ಲವನ್ನೂ ನೋಡುತ್ತಾರೆ. ಇದೆಲ್ಲ ಬೇಕೇ ಬೇಕು. ಈ ತಪಾಸಣೆಯಿಂದ ಎಷ್ಟೋ ಬೆರಳುಗಳು ಉಳಿದಿವೆ. ಆದರೆ ಈ ಲೈನಿನ ಸೂಪರ್‌ವೈಸರ್‌ಗೆ ಜನರಿಂದ ಕೆಲಸ ಮಾಡಿಸುವುದು ಹೇಗೆ ಅಂತ ಯಾರು ಕಲಿಸಿದರು ಎಂದು ಒಬ್ಬ ಇನ್‌ಸ್ಪೆಕ್ಟರ್ ಕೂಡ ಕೇಳಿದ್ದನ್ನು ನಾನು ನೋಡಿಲ್ಲ. ಶೌಚಾಲಯಗಳನ್ನು ಎಣಿಸುತ್ತಾರೆ. ಅಲ್ಲಿಗೆ ಹೋಗಿಬರಲು ಹೆಣ್ಣುಮಕ್ಕಳು ಎಷ್ಟು ಹೆದರುತ್ತಾರೆ ಎಂದು ಕೇಳುವುದಿಲ್ಲ.

ಲೈನ್ ಹೇಗೆ ನಡೆಯುತ್ತದೆ ಎನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಒಂದು ಶರ್ಟನ್ನು ಯಾರೂ ಪೂರ್ತಿ ಹೊಲಿಯುವುದಿಲ್ಲ. ಒಬ್ಬರು ಇಡೀ ದಿನ ಕಾಲರ್ ಕೂಡಿಸುತ್ತಾರೆ, ಇನ್ನೊಬ್ಬರು ಕಫ್, ಮತ್ತೊಬ್ಬರು ತೋಳು. ಕತ್ತರಿಸಿದ ಬಟ್ಟೆ ತುಂಡುಗಳ ಕಟ್ಟು, ಅಂದರೆ ಬಂಡಲ್, ಕೈಯಿಂದ ಕೈಗೆ ಹೋಗುತ್ತದೆ. ಒಂದೊಂದು ಕೆಲಸಕ್ಕೂ ಇಷ್ಟು ಸಮಯ ಅಂತ ಸ್ಟಾಪ್‌ವಾಚ್ ಹಿಡಿದು ಲೆಕ್ಕ ಹಾಕಿ, ಗಂಟೆಗೆ ಇಷ್ಟು ಪೀಸ್ ಅಂತ ಟಾರ್ಗೆಟ್ ಇಡುತ್ತಾರೆ. ಲೈನಿನ ತುದಿಯಲ್ಲಿ ಬೋರ್ಡ್ ಇರುತ್ತದೆ. ಪ್ರತಿ ಗಂಟೆಗೂ ಎಷ್ಟು ಬಂತು ಎಂದು ಅದರ ಮೇಲೆ ಬರೆಯುತ್ತಾರೆ. ನಡುವೆ ಮೆಷಿನ್ ಕೆಡಬಹುದು. ಕಟಿಂಗ್‌ನಿಂದ ಬಂಡಲ್ ತಡವಾಗಿ ಬರಬಹುದು. ಬೆಳಿಗ್ಗೆ ಸ್ಟೈಲ್ ಬದಲಾಗಿ ಎಲ್ಲರ ಕೈಯೂ ನಿಧಾನ ಆಗಿರಬಹುದು. ಪಕ್ಕದ ಟೈಲರ್ ರಜೆ ಹಾಕಿ, ಆ ಜಾಗಕ್ಕೆ ನಿನ್ನೆ ಸೇರಿದ ಹೆಲ್ಪರ್ ಕೂತಿರಬಹುದು. ನಾನು ನೋಡಿದ ಫ್ಲೋರ್‌ಗಳಲ್ಲಿ ಬೋರ್ಡಿನ ಟಾರ್ಗೆಟ್ ಮಾತ್ರ ಇದಕ್ಕೆಲ್ಲ ಕಡಿಮೆ ಆಗುತ್ತಿರಲಿಲ್ಲ.

ಟಾರ್ಗೆಟ್ ತಪ್ಪಿದ ಗಂಟೆಯಲ್ಲಿ ಬೈಗುಳ ಶುರು ಆಗುತ್ತದೆ. ಆಲ್ಟರೇಷನ್‌ಗೆ, ಅಂದರೆ ತಪ್ಪು ತಿದ್ದಲು, ವಾಪಸ್ ಬಂದ ಪೀಸ್‌ಗಳನ್ನು ಮುಖದ ಮೇಲೆ ಎಸೆದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಮೈಕ್‌ನಲ್ಲಿ ಹೆಸರು ಕೂಗಿ, ಇಡೀ ಫ್ಲೋರ್ ಎದುರು ಎದ್ದು ನಿಲ್ಲಿಸಿದ್ದನ್ನು ನೋಡಿದ್ದೇನೆ. ತಾಯಿ ವಯಸ್ಸಿನವರನ್ನು ಇಪ್ಪತ್ತೈದರ ಹುಡುಗ ಹೋಗೇ ಬಾರೇ ಅನ್ನುವುದನ್ನು ಕೇಳಿದ್ದೇನೆ. ಮಗುವಿಗೆ ಜ್ವರ, ಅರ್ಧ ದಿನ ಗೇಟ್ ಪಾಸ್ ಕೊಡಿ ಎಂದು ಬೇಡಿದವರಿಗೆ "ಹಾಗಾದ್ರೆ ಮಗು ನೋಡ್ಕೊಂಡು ಮನೇಲೇ ಇರು, ನಾಳೆಯಿಂದ ಬರಬೇಡ" ಎಂಬ ಉತ್ತರ ಸಿಕ್ಕಿದೆ. ಶೌಚಾಲಯಕ್ಕೆ ಎದ್ದರೆ ಬೈತಾರೆ ಅಂತ ಎಷ್ಟೋ ಜನ ಮಧ್ಯಾಹ್ನದವರೆಗೆ ನೀರೇ ಕುಡಿಯುವುದಿಲ್ಲ. ಉರಿ ಮೂತ್ರ, ತಲೆಸುತ್ತು, ಸೊಂಟನೋವು ಅಂತ ಅವರು ಕಾರ್ಖಾನೆಯ ನರ್ಸ್ ಹತ್ತಿರ ಬರುತ್ತಾರೆ. ನರ್ಸ್ ಮಾತ್ರೆ ಕೊಟ್ಟು ಕಳಿಸುತ್ತಾರೆ. ಕಾಯಿಲೆ ಎಲ್ಲಿಂದ ಬಂತು ಎಂದು ಬರೆಯಲು ಅವರ ರಿಜಿಸ್ಟರ್‌ನಲ್ಲಿ ಜಾಗವೇ ಇಲ್ಲ.

ಸ್ವಾಮಿ, ಇದನ್ನು ಕೆಟ್ಟ ಸೂಪರ್‌ವೈಸರುಗಳ ಕಥೆ ಅಂತ ದಯವಿಟ್ಟು ಓದಬೇಡಿ. ಆ ಹುಡುಗರನ್ನೂ ನಾನು ಹತ್ತಿರದಿಂದ ನೋಡಿದ್ದೇನೆ. ಶನಿವಾರದವರೆಗೆ ಒಳ್ಳೆಯ ಟೈಲರ್ ಅಥವಾ ಚೆಕ್ಕರ್ ಆಗಿದ್ದವರು ಸೋಮವಾರ ಸೂಪರ್‌ವೈಸರ್ ಆಗುತ್ತಾರೆ. ಲೈನ್ ಬ್ಯಾಲೆನ್ಸ್ ಮಾಡುವುದನ್ನು, ಅಂದರೆ ಎಲ್ಲೂ ಕೆಲಸ ನಿಲ್ಲದ ಹಾಗೆ ಜನರಿಗೆ ಹಂಚುವುದನ್ನು, ಯಾರೋ ಒಂದಿಷ್ಟು ಹೇಳಿಕೊಟ್ಟಿರುತ್ತಾರೆ. ತಪ್ಪನ್ನು ಹೇಗೆ ತಿದ್ದಬೇಕು, ಅಳುತ್ತಿರುವವರ ಹತ್ತಿರ ಹೇಗೆ ಮಾತಾಡಬೇಕು, ರಜೆಯನ್ನು ಮೊದಲೇ ಹೇಗೆ ತಿಳಿದುಕೊಳ್ಳಬೇಕು ಅಂತ ಯಾರೂ ಹೇಳಿರುವುದಿಲ್ಲ. ಸಂಜೆ ಪ್ರೊಡಕ್ಷನ್ ಮೀಟಿಂಗ್‌ನಲ್ಲಿ ಫ್ಲೋರ್ ಇನ್‌ಚಾರ್ಜ್ ಇವರನ್ನು ಬೈಯುತ್ತಾರೆ. ಇನ್‌ಚಾರ್ಜ್‌ಗೆ ಮ್ಯಾನೇಜರ್ ಬೈದಿರುತ್ತಾರೆ. ಮ್ಯಾನೇಜರ್‌ಗೆ ಶಿಪ್‌ಮೆಂಟ್ ದಿನ ಹತ್ತಿರ ಬಂದಿರುತ್ತದೆ. ಮೇಲಿನಿಂದ ಇಳಿದು ಬಂದದ್ದೆಲ್ಲ ಕೊನೆಗೆ ಮೆಷಿನ್ ಮುಂದೆ ಕೂತ ಹೆಣ್ಣುಮಗಳ ತಲೆ ಮೇಲೆ ಬೀಳುತ್ತದೆ.

ಬೈದರೆ ಕೆಲಸ ಆಗುತ್ತದೆ ಅಂತ ಅವರು ನಿಜವಾಗಿಯೂ ನಂಬಿದ್ದಾರೆ. ಈ ನಂಬಿಕೆ ಎಲ್ಲಿಂದ ಬರುತ್ತದೆ ಎನ್ನುವುದು ಮುಖ್ಯ. ಒಬ್ಬ ಸೂಪರ್‌ವೈಸರ್ ನನಗೆ ಹೇಳಿದ್ದರು: "ಮೇಡಂ, ಹನ್ನೊಂದು ಗಂಟೆಗೆ ಪೀಸ್ ಕಡಿಮೆ ಇತ್ತು, ಬೈದೆ, ಹನ್ನೆರಡಕ್ಕೆ ಸರಿ ಹೋಯ್ತು. ನಿನ್ನೆ ಚೆನ್ನಾಗಿ ಮಾಡಿದ್ರು ಅಂತ ಹೊಗಳಿದೆ, ಇವತ್ತು ಕಡಿಮೆ ಮಾಡಿದ್ರು." ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ಅವರಿಗೂ ಇಸ್ರೇಲಿನ ವಾಯುಪಡೆಯಲ್ಲಿ ವಿಮಾನ ಹಾರಿಸಲು ಕಲಿಸುವವರೊಬ್ಬರು ಇದೇ ಮಾತು ಹೇಳಿದ್ದರು. ಕಾನೆಮನ್ ಅದರಲ್ಲಿನ ತಪ್ಪನ್ನು ತೋರಿಸಿಕೊಟ್ಟರು. ಯಾರ ಕೆಲಸವೂ ಪ್ರತಿ ಗಂಟೆ ಒಂದೇ ಸಮ ಇರುವುದಿಲ್ಲ. ತುಂಬಾ ಕಡಿಮೆ ಬಂದ ಗಂಟೆಯ ನಂತರ, ಬೈದರೂ ಬೈಯದಿದ್ದರೂ, ಸಾಮಾನ್ಯವಾಗಿ ಮಾಮೂಲಿ ಮಟ್ಟದ ಗಂಟೆಯೇ ಬರುತ್ತದೆ. ತುಂಬಾ ಚೆನ್ನಾಗಿ ಆದ ದಿನದ ನಂತರವೂ ಅಷ್ಟೇ. ಆದರೆ ಬೈದವರಿಗೆ ತಮ್ಮ ಬೈಗುಳವೇ ಕೆಲಸ ಮಾಡಿತು ಅನ್ನಿಸುತ್ತದೆ. ಹೊಗಳಿದವರಿಗೆ ಹೊಗಳಿದ್ದೇ ತಪ್ಪಾಯಿತು ಅನ್ನಿಸುತ್ತದೆ. ಹೀಗೆ ದಿನಾ ಗಂಟೆ ಗಂಟೆಗೂ ಬೋರ್ಡ್ ನೋಡುವ ಒಬ್ಬ ಹುಡುಗ, ತರಬೇತಿ ಇಲ್ಲದೇ ಇದ್ದರೆ, ಬೈಯುವುದನ್ನೇ ಕಲಿಯುತ್ತಾನೆ. ಅವನ ಸ್ವಭಾವ ಕೆಟ್ಟದ್ದಾಗಿರಬೇಕಿಲ್ಲ.

ಮ್ಯಾನೇಜ್‌ಮೆಂಟ್‌ಗಳಿಗೆ ಇದು ಗೊತ್ತಿಲ್ಲ ಅಂತಲ್ಲ. ಜನ ಕೆಲಸ ಬಿಟ್ಟು ಹೋಗುತ್ತಲೇ ಇರುವುದು ಅವರಿಗೂ ತಲೆನೋವು. ಅದಕ್ಕೆ ಅವರು ನನ್ನಂಥವರ ಕೈಯಲ್ಲಿ ಮಾಡಿಸುವುದೇನು ಗೊತ್ತಾ? ಮಹಿಳಾ ದಿನಕ್ಕೆ ಭಾಷಣ, ರಂಗೋಲಿ ಸ್ಪರ್ಧೆ, ಒತ್ತಡ ಕಡಿಮೆ ಮಾಡಿಕೊಳ್ಳಲು ಒಂದು ಗಂಟೆ ಧ್ಯಾನ, ಒಂದು ಕೌನ್ಸೆಲಿಂಗ್ ಕೋಣೆ. ಧ್ಯಾನ ಒಳ್ಳೆಯದೇ. ಕೌನ್ಸೆಲಿಂಗ್ ಎಷ್ಟೋ ಜನಕ್ಕೆ ಬೇಕು, ಅದನ್ನು ನಾನೇ ಮಾಡಿದ್ದೇನೆ. ಆದರೆ ಇದೆಲ್ಲ ತೊಂದರೆ ಆ ಹೆಣ್ಣುಮಗಳ ತಲೆಯೊಳಗಿದೆ ಅಂತ ಹೇಳಿದ ಹಾಗೆ. ತೊಂದರೆ ಇರುವುದು ಕೆಲಸವನ್ನು ಜೋಡಿಸಿದ ರೀತಿಯಲ್ಲಿ. ಅಮೆರಿಕದ ಸಮಾಜಶಾಸ್ತ್ರಜ್ಞ ರಾಬರ್ಟ್ ಕರಾಸೆಕ್ 1979ರಲ್ಲೇ ಇದನ್ನು ಸ್ಪಷ್ಟವಾಗಿ ಬರೆದರು. ಕೆಲಸದ ಒತ್ತಾಯ ಜಾಸ್ತಿ ಇದ್ದು, ಆ ಕೆಲಸದ ಮೇಲೆ ತನಗೆ ಯಾವ ಹಿಡಿತವೂ ಇಲ್ಲದಿದ್ದಾಗ ಮನುಷ್ಯ ಹೆಚ್ಚು ಕುಗ್ಗುತ್ತಾನೆ. ಗಾರ್ಮೆಂಟ್ಸ್ ಟೈಲರ್‌ಗೆ ವೇಗದ ಮೇಲೆ ಹಿಡಿತವಿಲ್ಲ, ಬಂಡಲ್ ಯಾವಾಗ ಬರುತ್ತದೆ ಎಂಬುದರ ಮೇಲಿಲ್ಲ, ಯಾವಾಗ ಎದ್ದು ನೀರು ಕುಡಿಯಬೇಕು ಎಂಬುದರ ಮೇಲೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಕೆಲಸದ ಜಾಗದ ಮಾನಸಿಕ ಆರೋಗ್ಯದ ಬಗ್ಗೆ ಮಾರ್ಗಸೂಚಿ ಹೊರಡಿಸಿತು. ಅದರಲ್ಲೂ ಕೆಲಸದ ವ್ಯವಸ್ಥೆಯನ್ನೇ ಸರಿಪಡಿಸುವುದು ಮತ್ತು ಮೇಲಿನವರಿಗೆ ತರಬೇತಿ ಕೊಡುವುದು ಮುಖ್ಯ ಸಲಹೆಗಳು.

ಇದು ಹೊರದೇಶದ ಪಾಠ, ನಮ್ಮಲ್ಲಿ ನಡೆಯುವುದಿಲ್ಲ ಅನ್ನುವವರಿಗೆ ಅಹಮದಾಬಾದ್ ನೆನಪಿಸಬೇಕು. 1953ರಲ್ಲಿ ಅಲ್ಲಿನ ಕ್ಯಾಲಿಕೋ ಮಿಲ್ಸ್‌ಗೆ ಕೆಲಸದ ಜಾಗದಲ್ಲಿ ಜನರ ಸಂಬಂಧಗಳನ್ನು ಅಧ್ಯಯನ ಮಾಡುವ ಲಂಡನ್ನಿನ ಟ್ಯಾವಿಸ್ಟಾಕ್ ಸಂಸ್ಥೆಯ ಎ.ಕೆ. ರೈಸ್ ಬಂದರು. ಹೊಸ ಆಟೋಮ್ಯಾಟಿಕ್ ಮಗ್ಗಗಳನ್ನು ಹಾಕಿದ್ದರೂ ಬಟ್ಟೆ ಹಳೆಯದಕ್ಕಿಂತ ಚೆನ್ನಾಗಿ ಬರುತ್ತಿರಲಿಲ್ಲ. ರೈಸ್ ಮೆಷಿನ್ ಜೊತೆಗೆ ಜನರ ಜೋಡಣೆಯನ್ನೂ ನೋಡಿದರು. 224 ಮಗ್ಗಗಳನ್ನು 29 ಜನ ನೋಡಿಕೊಳ್ಳುತ್ತಿದ್ದರು. ಅವರ ಕೆಲಸವನ್ನು 12 ತುಂಡುಗಳಾಗಿ ಒಡೆದಿದ್ದರು. ನೇಯುವವರು ಒಂದಿಷ್ಟು ಮಗ್ಗಕ್ಕೆ, ನೂಲು ತುಂಬುವವರು ಬೇರೆ ಲೆಕ್ಕಕ್ಕೆ, ಹರಿದದ್ದು ಸರಿಮಾಡುವವರು ಮತ್ತೊಂದು ಲೆಕ್ಕಕ್ಕೆ. ಯಾರ ಜೊತೆ ಯಾರು ಕೆಲಸ ಮಾಡುತ್ತಿದ್ದಾರೆ ಎಂಬುದೇ ಗೊಂದಲ. ಒಂದು ಗುಂಪಿಗೆ ಒಂದಿಷ್ಟು ಮಗ್ಗ, ಒಳಗಿನ ಕೆಲಸ ಆ ಗುಂಪೇ ಹಂಚಿಕೊಳ್ಳಲಿ ಎನ್ನುವ ಯೋಚನೆ ಬಂದಾಗ ಕಾರ್ಮಿಕರು ಅದನ್ನು ತಾವೇ ಕೈಗೆತ್ತಿಕೊಂಡು ಗುಂಪು ಕಟ್ಟಿಕೊಂಡರು. ಆರಂಭದ ಏರಿಳಿತ ಕಳೆದ ಮೇಲೆ ಉತ್ಪಾದನೆ ಏರಿತು, ಹಾಳಾಗುವ ಬಟ್ಟೆ ಕಡಿಮೆ ಆಯಿತು. ಅದೇ ಊರಿನ ಜವಳಿ ಸಂಶೋಧನಾ ಸಂಸ್ಥೆ ಅಟಿರಾದಲ್ಲಿ ಆ ಕಾಲಕ್ಕೇ ಕಮಲಾ ಚೌಧರಿ ಅವರು ಕಾರ್ಮಿಕರ ಮನೋವಿಜ್ಞಾನದ ವಿಭಾಗ ನಡೆಸುತ್ತಿದ್ದರು. ನಮ್ಮ ಮೈಸೂರು ವಿಶ್ವವಿದ್ಯಾಲಯದಲ್ಲಿ ಎಂ.ವಿ. ಗೋಪಾಲಸ್ವಾಮಿ ಅವರು ಮನೋವಿಜ್ಞಾನ ವಿಭಾಗ ಶುರು ಮಾಡಿದ್ದು 1924ರಲ್ಲಿ. ನೂರು ವರ್ಷದಿಂದ ಈ ವಿದ್ಯೆ ರಾಜ್ಯದಲ್ಲಿದೆ. ಕಾರ್ಖಾನೆಯ ಗೇಟಿನ ಒಳಗೆ ಅದು ಇನ್ನೂ ಸರಿಯಾಗಿ ಕಾಲಿಟ್ಟಿಲ್ಲ.

ಅಹಮದಾಬಾದ್ ಹಳೆಯದಾಯಿತು ಅನ್ನಿಸಿದರೆ ಬೆಂಗಳೂರಿನದ್ದೇ ಹೇಳುತ್ತೇನೆ. ಅಚ್ಯುತ ಅಧ್ವರ್ಯು, ನಮ್ರತಾ ಕಾಲಾ, ಅನಂತ್ ನೈಷಧಂ ಎಂಬ ಅರ್ಥಶಾಸ್ತ್ರಜ್ಞರು ಇಲ್ಲಿನ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ಪರೀಕ್ಷೆ ಮಾಡಿದರು. ಲಾಟರಿ ಎತ್ತಿ ಆರಿಸಿದ ಹೆಣ್ಣುಮಕ್ಕಳಿಗೆ ಮಾತಾಡುವುದು, ಸಮಯ ಹೊಂದಿಸಿಕೊಳ್ಳುವುದು, ಸಮಸ್ಯೆ ಬಿಡಿಸುವುದು ಇವನ್ನೆಲ್ಲ ಕಲಿಸಲಾಯಿತು. ಅವರ ಉತ್ಪಾದಕತೆ ಶೇ 13.5ರಷ್ಟು ಏರಿತು. ಅವರ ಸಂಬಳ ಏರಿದ್ದು ಸುಮಾರು ಶೇ 0.5. ಈ ಎರಡು ಅಂಕಿಗಳನ್ನು ದಯವಿಟ್ಟು ಒಟ್ಟಿಗೇ ಓದಿ. ಮನೋವಿಜ್ಞಾನದಿಂದ ಕಾರ್ಖಾನೆಗೆ ಲಾಭ ಇದೆ ಎನ್ನುವುದಕ್ಕೂ, ಆ ಲಾಭ ದುಡಿದವರ ಕೈಗೆ ತಾನಾಗಿ ಬರುವುದಿಲ್ಲ ಎನ್ನುವುದಕ್ಕೂ ಅದೇ ಸಾಕ್ಷಿ. ಇನ್ನೂ ಒಂದಿಷ್ಟು ಪೀಸ್ ಹಿಂಡುವುದಕ್ಕೆ ಮನೋವಿಜ್ಞಾನ ಬಳಸಿ ಅಂತ ನಾನು ಕೇಳುತ್ತಿಲ್ಲ.

ಇನ್ನೊಂದು ಅಧ್ಯಯನ ನನಗೆ ಇದಕ್ಕಿಂತ ದೊಡ್ಡದು. ನಮ್ಮ ದೇಶದ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲೇ, ನಿರೀಕ್ಷೆಗಿಂತ ಕಡಿಮೆ ಸಂಬಳ ಏರಿದ ಸಮಯದಲ್ಲಿ, ಕೆಲವು ಕಾರ್ಮಿಕರಿಗೆ ಹೆಸರು ಹೇಳದೆ ತಮ್ಮ ಕೆಲಸ, ಸಂಬಳ, ಸೂಪರ್‌ವೈಸರ್ ಬಗ್ಗೆ ಅನಿಸಿದ್ದನ್ನು ತಿಳಿಸಲು ಅವಕಾಶ ಕೊಟ್ಟರು. ಅಷ್ಟೇ. ಅವಕಾಶ ಸಿಗದವರಿಗೆ ಹೋಲಿಸಿದರೆ ಇವರಲ್ಲಿ ಕೆಲಸ ಬಿಡುವುದು ಸುಮಾರು ಐದನೇ ಒಂದು ಪಾಲು ಕಡಿಮೆ ಆಯಿತು. ಕೇಳುವವರು ಒಬ್ಬರಿದ್ದಾರೆ ಅನ್ನಿಸುವುದು ಎಷ್ಟು ದೊಡ್ಡದು ನೋಡಿ. ಹಾಗಂತ ಕೇಳಿಸಿಕೊಂಡು ಸುಮ್ನೆ ಕೂರುವುದು ಸಂಬಳಕ್ಕೆ ಬದಲಿ ಅಲ್ಲ. ಆದರೆ ಕೇಳುವವರೇ ಇಲ್ಲದಿದ್ದರೆ ಏನಾಗುತ್ತದೆ ಎನ್ನುವುದನ್ನು ಈ ಊರು ಒಮ್ಮೆ ನೋಡಿದೆ. 2016ರ ಏಪ್ರಿಲ್‌ನಲ್ಲಿ ಪಿಎಫ್ ದುಡ್ಡು ತೆಗೆಯುವ ನಿಯಮ ಬದಲಾಯಿತು ಎಂದು ತಿಳಿದಾಗ ಸಾವಿರಾರು ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಹೊಸೂರು ರಸ್ತೆಗೆ, ತುಮಕೂರು ರಸ್ತೆಗೆ ಇಳಿದರು. ಕೇಂದ್ರ ಸರ್ಕಾರ ಆ ಆದೇಶ ವಾಪಸ್ ಪಡೆಯಿತು. ಕಾರ್ಖಾನೆಯ ಒಳಗೆ ಬಾಯಿ ಬಿಡಲು ಜಾಗ ಇದ್ದಿದ್ದರೆ ಅವರು ರಸ್ತೆಯಲ್ಲಿ ಪೊಲೀಸರ ಲಾಠಿ ಏಟು ತಿನ್ನಬೇಕಿತ್ತಾ?

ಈಗ ನನ್ನ ಬೇಡಿಕೆಗಳಿಗೆ ಬರುತ್ತೇನೆ. ಮೊದಲನೆಯದೇ ಮುಖ್ಯ. ತರಬೇತಿ ಆಗದೆ ಯಾರೂ ಲೈನಿನ ಸೂಪರ್‌ವೈಸರ್ ಆಗಬಾರದು ಎಂಬ ನಿಯಮ ತನ್ನಿ. ತಪ್ಪನ್ನು ಪಕ್ಕಕ್ಕೆ ಕರೆದು ತೋರಿಸುವುದು, ಬೆಳಿಗ್ಗೆ ಐದು ನಿಮಿಷ ಲೈನಿನ ಜೊತೆ ಮಾತಾಡುವುದು, ರಜೆಯನ್ನು ಮೊದಲೇ ತಿಳಿದು ಬದಲಿ ಹೊಂದಿಸುವುದು, ಕೆಟ್ಟ ಗಂಟೆಗೂ ಕೆಟ್ಟ ಕೆಲಸಕ್ಕೂ ಇರುವ ವ್ಯತ್ಯಾಸ ಗುರುತಿಸುವುದು, ಇವೆಲ್ಲ ಕಲಿಸಿದರೆ ಬರುತ್ತವೆ. ನಾನಿದ್ದ ಒಂದು ಯೂನಿಟ್‌ನಲ್ಲಿ ಒಬ್ಬ ಇನ್‌ಚಾರ್ಜ್ ಇದನ್ನು ತಾವಾಗಿಯೇ ಮಾಡಿಸಿದರು. ಆ ಫ್ಲೋರ್‌ನಲ್ಲಿ ಮೈಕ್ ನಿಂತಿತು, ಶಿಪ್‌ಮೆಂಟ್ ತಪ್ಪಲಿಲ್ಲ. ಅವರು ಬೇರೆ ಕಂಪನಿಗೆ ಹೋದ ಮೇಲೆ ಮೈಕ್ ವಾಪಸ್ ಬಂತು. ಒಬ್ಬರ ಒಳ್ಳೆಯತನದ ಮೇಲೆ ನಿಂತದ್ದು ಅವರ ಜೊತೆಗೇ ಹೋಗುತ್ತದೆ, ಅದಕ್ಕೇ ನಿಯಮ ಬೇಕು. ಯಾವ ಸೂಪರ್‌ವೈಸರ್‌ಗೆ ಯಾವಾಗ ತರಬೇತಿ ಆಯಿತು ಎಂಬ ರಿಜಿಸ್ಟರ್ ಇರಲಿ. ಇನ್‌ಸ್ಪೆಕ್ಟರ್ ಅದನ್ನು ಕೇಳಿ ನೋಡಲಿ. ಟೈಲರುಗಳಲ್ಲಿ ಬಹುಪಾಲು ಹೆಂಗಸರು. ನಾನು ನೋಡಿದ ಕಡೆಯೆಲ್ಲ ಸೂಪರ್‌ವೈಸರುಗಳಲ್ಲಿ ಗಂಡಸರೇ ಜಾಸ್ತಿ. ತರಬೇತಿಗೆ ಆರಿಸುವಾಗ ಟೈಲರುಗಳಿಗೆ ಮೊದಲ ಅವಕಾಶ ಸಿಗಲಿ.

ಮೆಷಿನ್ ಕೆಟ್ಟ ಹೊತ್ತು, ಬಂಡಲ್ ಬಾರದ ಹೊತ್ತು ಟಾರ್ಗೆಟ್‌ನಿಂದ ಕಳೆಯಬೇಕು ಎಂದು ಕಾರ್ಖಾನೆಗಳಿಗೆ ಸುತ್ತೋಲೆ ಕಳಿಸಿ. ಮೈಕ್‌ನಲ್ಲಿ ಹೆಸರು ಕೂಗಿ ಬೈಯುವುದು, ಶೌಚಾಲಯಕ್ಕೆ ಟೋಕನ್ ಇಡುವುದು ನಿಲ್ಲಬೇಕು. ಕಾರ್ಖಾನೆಯ ಕೆಲಸದ ನಿಯಮಗಳನ್ನು ಬರೆದಿಟ್ಟ ಸ್ಥಾಯಿ ಆದೇಶದಲ್ಲಿ ಕಾರ್ಮಿಕರ ದುರ್ನಡತೆಯ ಪಟ್ಟಿ ಉದ್ದಕ್ಕೆ ಇದೆ. ಕೈಕೆಳಗಿನವರನ್ನು ಅವಾಚ್ಯವಾಗಿ ಬೈಯುವ ಮೇಲಿನವರ ನಡತೆಯೂ ಅದರಲ್ಲಿ ಸ್ಪಷ್ಟವಾಗಿ ಸೇರಲಿ. 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯಿಂದ ಅಂಥ ದೂರು ಕೇಳುವ ಆಂತರಿಕ ಸಮಿತಿ ಬಂತು, ಒಳ್ಳೆಯದಾಯಿತು. ಆದರೆ ಲೈಂಗಿಕವಲ್ಲದ ಅವಮಾನವನ್ನು ತೆಗೆದುಕೊಂಡು ಹೋಗಿ ಹೇಳಲು ಅಷ್ಟೇ ಗಟ್ಟಿಯಾದ ಜಾಗ ಇನ್ನೂ ಇಲ್ಲ.

ವೆಲ್ಫೇರ್ ಆಫೀಸರ್ ಹುದ್ದೆ ಬಗ್ಗೆ ನಾನು ಹೇಳಲೇಬೇಕು. 1948ರ ಕಾರ್ಖಾನೆ ಕಾಯ್ದೆಯ 49ನೇ ಸೆಕ್ಷನ್ ಪ್ರಕಾರ 500 ಅಥವಾ ಹೆಚ್ಚು ಕಾರ್ಮಿಕರಿದ್ದ ಕಡೆ ಈ ಆಫೀಸರ್ ಇರಬೇಕಿತ್ತು. ಕೆಲಸದ ಜಾಗದ ಸುರಕ್ಷತೆ, ಆರೋಗ್ಯದ ಬಗ್ಗೆ ಕೇಂದ್ರ ತಂದ 2020ರ ಹೊಸ ಕಾರ್ಮಿಕ ಸಂಹಿತೆಯಲ್ಲಿ ಆ ಸಂಖ್ಯೆ 250ಕ್ಕೆ ಇಳಿದಿದೆ. ಇದನ್ನು ನಾನು ಸ್ವಾಗತಿಸುತ್ತೇನೆ. ಆದರೆ ನಮಗೆ ಸಂಬಳ ಕೊಡುವುದು ಕಂಪನಿ, ನಮ್ಮ ರಜೆಗೆ ಸಹಿ ಹಾಕುವುದು ಎಚ್‌ಆರ್ ಮ್ಯಾನೇಜರ್. ಕಣ್ಣೀರು ಹಾಕುತ್ತಾ ಬಂದವರಿಗೆ ಸಮಾಧಾನ ಹೇಳು, ಹಾಗೇ ರಾಜೀನಾಮೆ ಪತ್ರವನ್ನೂ ಬರೆಸಿಕೋ ಎನ್ನುವ ಒತ್ತಡ ನಮ್ಮ ಮೇಲಿರುತ್ತದೆ. ಹೀಗಿದ್ದರೆ ಯಾವ ಹೆಣ್ಣುಮಗಳು ನಮ್ಮನ್ನು ನಂಬುತ್ತಾಳೆ? ಈ ಆಫೀಸರ್ ಮೂರು ತಿಂಗಳಿಗೊಮ್ಮೆ ನೇರವಾಗಿ ನಿಮ್ಮ ಇಲಾಖೆಗೆ ವರದಿ ಕಳಿಸುವಂತಾಗಲಿ. ಇಲಾಖೆಗೆ ತಿಳಿಸದೆ ಅವರನ್ನು ಕೆಲಸದಿಂದ ತೆಗೆಯುವ ಹಾಗಿರಬಾರದು.

ಕಾರ್ಖಾನೆ ಕೆಲಸಗಾರರ ಮನಸ್ಸಿನ ಮಾತನ್ನು ವರ್ಷಕ್ಕೊಮ್ಮೆ ಇಲಾಖೆಯೇ ಕೇಳಲಿ, ಹೆಸರಿಲ್ಲದೆ. ನಿಮ್ಹಾನ್ಸ್ ನಮ್ಮ ಊರಿನಲ್ಲೇ ಇದೆ, ವಿಶ್ವವಿದ್ಯಾಲಯಗಳಲ್ಲಿ ಮನೋವಿಜ್ಞಾನ ವಿಭಾಗಗಳಿವೆ, ಅವರ ಸಹಾಯ ತೆಗೆದುಕೊಳ್ಳಿ. ಓದಲು ಬಾರದವರು ಇದ್ದಾರೆ, ಒಡಿಶಾ ಮತ್ತು ಜಾರ್ಖಂಡ್‌ನಿಂದ ಬಂದು ಹಾಸ್ಟೆಲ್‌ನಲ್ಲಿರುವ ಹುಡುಗಿಯರಿದ್ದಾರೆ. ಆದ್ದರಿಂದ ಪ್ರಶ್ನೆಗಳು ಫೋನಿನಲ್ಲಿ ದನಿಯಾಗಿ, ಕನ್ನಡದ ಜೊತೆ ಹಿಂದಿ, ಒಡಿಯಾದಲ್ಲೂ ಇರಲಿ. ಏನು ಹೇಳಿದರು, ಅದಕ್ಕೆ ಕಾರ್ಖಾನೆ ಏನು ಮಾಡಿತು ಎಂಬುದು ಗೇಟಿನ ಬಳಿ ನೋಟಿಸ್ ಬೋರ್ಡ್ ಮೇಲೆ ಬರಲಿ. ಉತ್ತರವೇ ಬಾರದಿದ್ದರೆ ಮುಂದಿನ ವರ್ಷ ಯಾರೂ ಬಾಯಿ ಬಿಡುವುದಿಲ್ಲ.

ಇದನ್ನೆಲ್ಲ ಈಗಲೇ ಏಕೆ ಕೇಳುತ್ತಿದ್ದೇನೆ ಅಂದರೆ, 2023ರಲ್ಲಿ ನಮ್ಮ ವಿಧಾನಮಂಡಲ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು, ವಾರದ 48 ಗಂಟೆ ಮಿತಿಯೊಳಗೆ ದಿನಕ್ಕೆ 12 ಗಂಟೆವರೆಗೆ ದುಡಿಸಲು, ಹೆಂಗಸರನ್ನು ರಾತ್ರಿ ಪಾಳಿಗೆ ಕರೆಯಲು ದಾರಿ ಮಾಡಿತು. ಕಾರ್ಮಿಕರು ಬರೆದು ಒಪ್ಪಿಗೆ ಕೊಡಬೇಕು ಎಂಬ ಷರತ್ತು ಅದರಲ್ಲಿದೆ. ಶೌಚಾಲಯಕ್ಕೆ ಹೋಗುತ್ತೇನೆ ಎನ್ನಲು ಹೆದರುವವರು ಹನ್ನೆರಡು ಗಂಟೆ ಆಗುವುದಿಲ್ಲ ಎಂದು ಬರೆದುಕೊಡುತ್ತಾರಾ? ಆ ಹೆದರಿಕೆ ಇರುವವರೆಗೆ ಅವರು ಹಾಕುವ ಸಹಿಯನ್ನು ಒಪ್ಪಿಗೆ ಎಂದು ತೆಗೆದುಕೊಳ್ಳಬೇಡಿ.

ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿ ಈ ವಿಷಯಕ್ಕೆಂದೇ ಒಂದು ಸಭೆ ಕರೆಯಿರಿ ಎಂದು ಕೇಳಿಕೊಳ್ಳುತ್ತೇನೆ. ಮಾಲೀಕರು, ಯೂನಿಯನ್‌ಗಳು, ಸೂಪರ್‌ವೈಸರುಗಳು, ಟೈಲರುಗಳು ಎಲ್ಲರನ್ನೂ ಕೂರಿಸಿ. ನಾನೂ, ನನ್ನ ಹಾಗೆ ಕೆಲಸ ಮಾಡಿದ ಇನ್ನು ಕೆಲವರೂ ಬಂದು ನೋಡಿದ್ದನ್ನು ಹೇಳುತ್ತೇವೆ, ತರಬೇತಿಯ ಪಾಠಗಳನ್ನು ಬರೆದುಕೊಡಲೂ ಸಿದ್ಧ. ಸಭೆ ಭಾನುವಾರ ಇರಲಿ. ಬೇರೆ ದಿನ ಇಟ್ಟರೆ ಟೈಲರುಗಳಿಗೆ ರಜೆ ಸಿಗುವುದಿಲ್ಲ.

ಇಂತಿ ತಮ್ಮ ವಿಶ್ವಾಸಿ,
ಗಾರ್ಮೆಂಟ್ಸ್ ಕಾರ್ಖಾನೆಗಳ ಒಬ್ಬ ಮಾಜಿ ವೆಲ್ಫೇರ್ ಆಫೀಸರ್
ಬೆಂಗಳೂರು